ಕಿಟಕಿಯಲ್ಲಿ ವಾರ್ಸಾ

2025ರ ಅಕ್ಟೋಬರ್‌ನಲ್ಲಿ ನನ್ನ ನಿದ್ದೆ ಕೆಡಿಸಿದ್ದು ವಾರ್ಸಾದ ಶೋಪ್ಯಾನ್ ಪಿಯಾನೊ ಸ್ಪರ್ಧೆ. ಐದು ವರ್ಷಕ್ಕೊಮ್ಮೆ ನಡೆಯುವ ಈ ಸ್ಪರ್ಧೆಯಲ್ಲಿ ಪೋಲೆಂಡಿನ ಸಂಗೀತ ರಚನಕಾರ ಶೋಪ್ಯಾನ್‌ನದ್ದು ಬಿಟ್ಟು ಬೇರೆಯವರ ಕೃತಿಗೆ ಜಾಗವೇ ಇಲ್ಲ. ಅಕ್ಟೋಬರ್ 17 ಶೋಪ್ಯಾನ್ ತೀರಿಕೊಂಡ ದಿನ, ಸ್ಪರ್ಧೆಗೆ ಬಿಡುವು. ನಮಗೆ ಅಂದೇ ಕಾವೇರಿ ಸಂಕ್ರಮಣ. ಅವ್ವ ದೋಸೆ, ಕುಂಬಳಕಾಯಿ ಸಾರು ಮಾಡಿದ್ದರು.

ಮಡಿಕೇರಿಯ ನಮ್ಮ ಮನೆಯಲ್ಲಿ ಸಿಗ್ನಲ್ ಸಿಗುವುದು ಅಡುಗೆಮನೆಯ ಕಿಟಕಿಯಲ್ಲಿ ಮಾತ್ರ. ಫೈನಲ್‌ನಲ್ಲಿ ಅಮೆರಿಕದ ಎರಿಕ್ ಲು ಆರ್ಕೆಸ್ಟ್ರಾದ ಜೊತೆ ಶೋಪ್ಯಾನ್‌ನ ಎಫ್ ಮೈನರ್ ಕನ್ಚರ್ಟೊ ನುಡಿಸುವಾಗ, ಮೊಬೈಲನ್ನು ಉಪ್ಪಿನ ಭರಣಿಗೆ ಒರಗಿಸಿ ನಿಂತೇ ಕೇಳಿದೆ. ತಗಡಿನ ಮೇಲೆ ಮಳೆ. 2015ರಲ್ಲಿ ನಾಲ್ಕನೆಯವನಾಗಿದ್ದ ಹುಡುಗ, ಹತ್ತು ವರ್ಷದ ಮೇಲೆ ಮತ್ತೆ ಬಂದು ಗೆದ್ದ! ಗೆದ್ದದ್ದಕ್ಕಿಂತ ಮರಳಿ ಬಂದದ್ದೇ ನನಗೆ ದೊಡ್ಡದಾಗಿ ಕಂಡಿತು.

“ಯಾರು ಗೆದ್ದರು?” ಎಂದರು ಅವ್ವ, ಬೆಳಿಗ್ಗೆ ಕಾಫಿ ಸೋಸುತ್ತಾ.