ಜೋಳ ಕೊಯ್ದ ಮೇಲೆ ಫೋಟೋ ತೆಗೆಯಿರಿ

ಯಲಬುರ್ಗಾ, ಕುಕನೂರು ಕಡೆ ಓಡಾಡಿದವರಿಗೆ ಗೊತ್ತು, ಸುತ್ತಮುತ್ತ ಕರೆಂಟು ತಯಾರಿಸುವ ಗಾಳಿ ಫ್ಯಾನ್‌ಗಳು ಎಷ್ಟೊಂದಿವೆ ಅಂತ. ಹೊಸದನ್ನು ನಿಲ್ಲಿಸುವ ಮೊದಲು ಅದು ಯಾವ ಊರಿಗೆ, ಯಾವ ಗುಡಿಗೆ ಎಷ್ಟು ಕಾಣುತ್ತದೆ ಅಂತ ವರದಿ ಬರೆಯುವುದು ನನ್ನ ಕೆಲಸ. ಕೇಂದ್ರ ಸರ್ಕಾರದ 2006ರ ಇಐಎ (ಪರಿಸರ ಪರಿಣಾಮ ಅಂದಾಜು) ಅಧಿಸೂಚನೆಯಡಿ ಪವನ ವಿದ್ಯುತ್ತಿಗೆ ಪರಿಸರ ಅನುಮತಿ ಬೇಕಿಲ್ಲ. ಹಾಗಾಗಿ ಇಂಥ ವರದಿ ಕೇಳುವವರು ಹೆಚ್ಚಾಗಿ ಸಾಲ ಕೊಡುವವರು, ಅದರಲ್ಲೂ ವಿಶ್ವ ಬ್ಯಾಂಕ್ ಗುಂಪಿನ ಸಂಸ್ಥೆಯಾದ ಐಎಫ್‌ಸಿಯ ಮಾನದಂಡ ಪಾಲಿಸುವವರು. ಯಾರೇ ಕೇಳಲಿ, ಕೆಲಸ ನೆಟ್ಟಗಿರಬೇಕು.

ಮೊದಲು ಕಂಪ್ಯೂಟರ್‌ನಲ್ಲಿ ನಕ್ಷೆ ಮಾಡುತ್ತೇವೆ. ನೆಲದ ಏರಿಳಿತ, ಫ್ಯಾನಿನ ಎತ್ತರ ಕೊಟ್ಟರೆ ಎಲ್ಲೆಲ್ಲಿಂದ ಕಾಣಬಹುದು ಅಂತ ಬಣ್ಣ ಬರುತ್ತದೆ. ಆಮೇಲೆ ಜಾಗಕ್ಕೆ ಹೋಗಿ ಫೋಟೋ ತೆಗೆದು, ಅದರ ಮೇಲೆ ಫ್ಯಾನಿನ ಚಿತ್ರ ಕೂರಿಸಿ ತೋರಿಸುತ್ತೇವೆ. ಹೊಸದಾಗಿ ಈ ಕೆಲಸಕ್ಕೆ ಬಂದವರು ಹುಷಾರಾಗಿರಬೇಕಾದ್ದು ಇಲ್ಲೇ.

ನಮ್ಮ ಎರೆ ಹೊಲದಲ್ಲಿ ಹಿಂಗಾರಿ ಜೋಳ ಡಿಸೆಂಬರ್, ಜನವರಿಯಲ್ಲಿ ಆಳೆತ್ತರ ನಿಂತಿರುತ್ತದೆ. ಬಂಡಿ ದಾರಿಯಲ್ಲಿ ನಿಂತು ಕ್ಯಾಮೆರಾ ಹಿಡಿದರೆ ದಂಟು, ತೆನೆ, ಅದರಾಚೆ ಒಂದಿಷ್ಟು ಆಕಾಶ, ಅಷ್ಟೇ. ಆ ಫೋಟೋ ಹಾಕಿ 'ಪರಿಣಾಮ ಕಡಿಮೆ' ಅಂತ ಬರೆಯುವುದು ಬಹಳ ಸುಲಭ. ಆದರೆ ಜೋಳ ಕೊಯ್ದ ಮೇಲೆ ಮುಂದಿನ ಮಳೆಯವರೆಗೆ ಅದೇ ಹೊಲ ಬಟಾಬಯಲು. ಅದೇ ಜಾಗದಲ್ಲಿ ನಿಂತರೆ ಫ್ಯಾನ್ ಬುಡದಿಂದ ತುದಿತನಕ ಕಾಣುತ್ತದೆ. ಜನ ತಿಂಗಳುಗಟ್ಟಲೆ ನೋಡುವುದು ಅದನ್ನೇ ಅಲ್ವಾ? ಅದಕ್ಕೇ ಬೇಸಿಗೆಯಲ್ಲಿ, ಧೂಳು ಏಳುವ ಮೊದಲು, ಬೆಳಿಗ್ಗೆ ಬೇಗ ಹೋಗಿ ಫೋಟೋ ತೆಗೆಯಿರಿ. ಮೊಬೈಲ್ ಬೇಡ. ಅದರ ಅಗಲದ ಲೆನ್ಸ್ ದೂರದ್ದನ್ನು ಕುಗ್ಗಿಸಿ ತೋರಿಸುತ್ತದೆ. ಫುಲ್‌ಫ್ರೇಮ್ (ದೊಡ್ಡ ಸೆನ್ಸರ್ ಇರುವ) ಕ್ಯಾಮೆರಾ, 50 ಎಂಎಂ ಲೆನ್ಸ್ ಬಳಸಿ.

ಎಲ್ಲಿ ನಿಂತು ತೆಗೆಯಬೇಕು ಅನ್ನೋದು ಇನ್ನೊಂದು ಪ್ರಶ್ನೆ. ಕೆಲವು ಜಾಗ ಯಾರಿಗಾದರೂ ಹೊಳೆಯುತ್ತವೆ. ಕುಕನೂರು ಹತ್ತಿರದ ಇಟಗಿಯ ಮಹಾದೇವ ದೇವಾಲಯ 1112ರದ್ದು, ಶಾಸನವೇ ಅದನ್ನು 'ದೇವಾಲಯ ಚಕ್ರವರ್ತಿ' ಅಂತ ಕರೆದಿದೆ. ಅಂಥ ಶಿಖರದ ಹಿಂದೆ ರೆಕ್ಕೆ ತಿರುಗಿದರೆ ಕಣ್ಣು ಅಲ್ಲಿಗೇ ಹೋಗುತ್ತದೆ, ಫ್ಯಾನ್ ಎಷ್ಟೇ ದೂರವಿರಲಿ. ಅಲ್ಲಿ ದೂರಕ್ಕಿಂತ ದಿಕ್ಕು ಮುಖ್ಯ. ಒಂದು ಕಂಬವನ್ನು ಸ್ವಲ್ಪ ಪಕ್ಕಕ್ಕೆ ಸರಿಸಿದರೂ ನೋಟ ಉಳಿಯಬಹುದು.

ಉಳಿದದ್ದನ್ನು ಊರವರನ್ನೇ ಕೇಳಬೇಕು. ಒಂದು ಹಳ್ಳಿಯಲ್ಲಿ ಕಟ್ಟೆಯ ಮೇಲೆ ಕೂತಿದ್ದ ಅಜ್ಜಿಗೆ ನಮ್ಮ ಫೋಟೋ ತೋರಿಸಿದೆ. "ಹಗಲಿಂದು ಬಿಡಪಾ ತಮ್ಮ, ಹೊಲದಾಗ ಬಗ್ಗಿ ಕೆಲಸ ಮಾಡೋರಿಗೆ ನೋಡಾಕ ಪುರಸೊತ್ತೆಲ್ಲೈತಿ? ಬ್ಯಾಸಿಗ್ಯಾಗ ಮಾಳಿಗಿ ಮ್ಯಾಲ ಮಲಗತೀವಿ. ಆ ಕೆಂಪು ದೀಪ ಕಣ್ಣಿಗೆ ಹೊಡೀತಾವ ನೋಡು" ಅಂದರು. ವಿಮಾನಗಳಿಗೆ ಗೊತ್ತಾಗಲಿ ಅಂತ ಫ್ಯಾನಿನ ಮೇಲೆ ಹಾಕುವ ದೀಪ ಅದು, ತೆಗೆಯುವ ಹಾಗಿಲ್ಲ. ಆ ಊರಿಗೆ ಮಾಳಿಗೆ ಮೇಲಿನ ರಾತ್ರಿ ನೋಟವನ್ನೂ ಸೇರಿಸಿದೆವು. ದೀಪಗಳೆಲ್ಲ ಒಂದೊಂದು ಹೊತ್ತಿಗೆ ಮಿನುಗುವ ಬದಲು ಒಟ್ಟಿಗೆ ಮಿನುಗಲಿ, ಬೆಳಕು ಕೆಳಗೆ ಬೀಳದಂತೆ ಮರೆ ಇರಲಿ ಅಂತ ಶಿಫಾರಸು ಬರೆದೆವು.