ಬೇಸಿಗೆಯ ಹಿತ್ತಲಲ್ಲಿ ಕೌಜುಗ

ವಿಜಯಪುರ, ರವಿವಾರ, 13 ಏಪ್ರಿಲ್ 2025

ಈ ವಾರ ಮಧ್ಯಾಹ್ನದ ಬಿಸಿಲು ಹಕ್ಕಿಗಳಿಗೆ ಸಹಿಸಲಾಗದಷ್ಟು ಏರಿದೆ. ಹನ್ನೆರಡು ಗಂಟೆ ದಾಟುತ್ತಲೇ ನಾವು ಹಿತ್ತಲಲ್ಲಿ ಸಾಕಿರುವ ಕೌಜುಗಗಳು (ಕ್ವೇಲ್ ಎಂಬ ಸಣ್ಣ ಹಕ್ಕಿಗಳು) ಕೊಕ್ಕು ತೆರೆದು, ರೆಕ್ಕೆಗಳನ್ನು ಮೈಯಿಂದ ತುಸು ದೂರ ಹಿಡಿದು ಏದುಸಿರು ಬಿಡತೊಡಗುತ್ತವೆ. ಹಕ್ಕಿಗಳಿಗೆ ಬೆವರಿನ ಗ್ರಂಥಿಗಳಿಲ್ಲವಾದ್ದರಿಂದ ಮೈಯೊಳಗಿನ ಶಾಖವನ್ನು ಬಹುಪಾಲು ಉಸಿರಿನ ತೇವದ ಮೂಲಕವೇ ಹೊರಹಾಕಬೇಕು; ಸುತ್ತಲಿನ ಗಾಳಿ 35 ಡಿಗ್ರಿ ದಾಟಿದ ಮೇಲೆ ಆ ಕೆಲಸ ಕಷ್ಟವಾಗುತ್ತ ಹೋಗುತ್ತದೆ. ನಮ್ಮ ಊರಿನಲ್ಲಿ ಬೇಸಿಗೆಯ ಉಷ್ಣತೆ 40 ಡಿಗ್ರಿ ದಾಟುವುದು ಹೊಸ ಮಾತಲ್ಲ. ಆದ್ದರಿಂದ ಇಂದಿನ ರಜೆಯನ್ನು ಗೂಡಿನ ನೆರಳಿನ ಕೆಲಸಕ್ಕೇ ಮೀಸಲಿಟ್ಟೆ.

ಗೂಡು ಹಿತ್ತಲಿನ ಬೇವಿನ ಮರದ ಪೂರ್ವಕ್ಕಿದೆ. ಅಪರಾಹ್ನದ ಹೊತ್ತಿಗೆ ಮರದ ನೆರಳು ಅದರ ಮೇಲೆಯೇ ಬೀಳುತ್ತದೆ. ಆದರೂ ಚಾವಣಿಯ ಪತ್ರಾಸು (ತಗಡು) ಕಾಯುತ್ತದೆ, ಕಾದ ಪತ್ರಾಸಿನ ಝಳ ನೇರವಾಗಿ ಕೆಳಗಿಳಿಯುತ್ತದೆ. ಅದನ್ನು ತಡೆಯಲು ಪತ್ರಾಸಿನ ಮೇಲೆ ತೊಗರಿ ಕಟ್ಟಿಗೆಯನ್ನು ಅಡ್ಡಡ್ಡ ಹರಡಿ, ಅದರ ಮೇಲೆ ಜೋಳದ ಕಣಿಕೆಯ ಸಿವುಡುಗಳನ್ನು ಒತ್ತಾಗಿ ಹೊದಿಸಿದೆವು. ಕಟ್ಟಿಗೆಯ ಸಂದಿನಲ್ಲಿ ಗಾಳಿ ಆಡುವುದರಿಂದ ಕಣಿಕೆಯ ಬಿಸಿ ತಗಡಿಗೆ ಇಳಿಯುವುದಿಲ್ಲ. ಬೇಸಿಗೆಯ ಅಡ್ಡಮಳೆ ಆಣೆಕಲ್ಲು ಸುರಿಸಿದಾಗ ತಗಡಿನ ಸದ್ದು ಅಡಗುವುದೂ ಇದರ ಇನ್ನೊಂದು ಲಾಭ. ಸದ್ದಿಗೆ ಹಕ್ಕಿ ಬೆದರುವ ವಿಷಯಕ್ಕೆ ಮುಂದೆ ಬರುತ್ತೇನೆ.

ಪಶ್ಚಿಮ ಮತ್ತು ದಕ್ಷಿಣದ ಬದಿಗೆ ಗೋಣಿತಟ್ಟು ಇಳಿಬಿಟ್ಟು ಹನ್ನೊಂದರಿಂದ ನಾಲ್ಕು ಗಂಟೆಯವರೆಗೆ ಆಗಾಗ ನೀರು ಚಿಮುಕಿಸುತ್ತೇವೆ. ನಾಲ್ಕೂ ಬದಿಗೆ ಒದ್ದೆ ಗೋಣಿ ಕಟ್ಟುವವರಿದ್ದಾರೆ, ಅದು ಸರಿಯಲ್ಲ. ಗಾಳಿ ಹಾಯಲು ದಾರಿಯಿಲ್ಲದಿದ್ದರೆ ಒಳಗೆ ತೇವ ನಿಲ್ಲುತ್ತದೆ, ತೇವ ನಿಂತ ಗಾಳಿಯಲ್ಲಿ ಹಕ್ಕಿ ಎಷ್ಟು ಏದುಸಿರು ಬಿಟ್ಟರೂ ಮೈ ತಣಿಯುವುದಿಲ್ಲ. ಒದ್ದೆ ಗೋಣಿಯ ಉಪಾಯ ಇಲ್ಲಿ ಫಲಿಸುವುದು ನಮ್ಮ ಗಾಳಿ ಒಣದಾಗಿರುವುದರಿಂದ. ಕರಾವಳಿಯ ಸೆಕೆಯಲ್ಲಿ ಇದರಿಂದ ಹೆಚ್ಚಿನ ಪ್ರಯೋಜನವಾಗದು. ಕುಡಿಯುವ ನೀರಿಗೆ ಅಗಲವಾದ ಮಣ್ಣಿನ ತಟ್ಟೆಯನ್ನಿಟ್ಟು, ಮಧ್ಯಾಹ್ನ ಅದನ್ನು ಚೆಲ್ಲಿ ಮತ್ತೆ ತಣ್ಣೀರು ತುಂಬಬೇಕು. ಮೇವು ಅರಗುವಾಗಲೂ ಮೈಯಲ್ಲಿ ಶಾಖ ಹುಟ್ಟುವುದರಿಂದ ಹೆಚ್ಚಿನ ಪಾಲಿನ ಮೇವನ್ನು ನಸುಕಿಗೂ ಸಂಜೆಗೂ ಹಾಕುತ್ತೇವೆ.

ಕೌಜುಗದ ಗೂಡು ಹೇಗಿರಬೇಕೆಂದು ಯಾರಾದರೂ ಕೇಳಿದರೆ ನಾನು ಉದ್ದಗಲಕ್ಕಿಂತ ಮೊದಲು ಎತ್ತರದ ಮಾತನ್ನು ಎತ್ತುತ್ತೇನೆ. ಇದು ನೆಲದ ಹಕ್ಕಿ. ಕೋಳಿಯಂತೆ ಕೋಲಿನ ಮೇಲೆ ಕೂರುವುದಿಲ್ಲ, ಗಿಡವನ್ನೂ ಏರುವುದಿಲ್ಲ. ಅಪಾಯ ಕಂಡರೆ ಮೊದಲು ಹುಲ್ಲಿನಲ್ಲಿ ಅಲುಗಾಡದೆ ಕುಳಿತುಬಿಡುತ್ತದೆ. ಅಪಾಯ ತೀರ ಸಮೀಪಿಸಿತೆಂದರೆ ಒಮ್ಮೆಲೇ ನೆಟ್ಟಗೆ ಮೇಲಕ್ಕೆ ಚಿಮ್ಮುತ್ತದೆ. ಬಯಲಿನಲ್ಲಿ ಅದರ ಜೀವ ಉಳಿಸುವ ಈ ಚಿಮ್ಮುವಿಕೆಯೇ ಗೂಡಿನಲ್ಲಿ ತಲೆಬುರುಡೆ ಒಡೆಯಲು, ಕುತ್ತಿಗೆ ಮುರಿಯಲು ಕಾರಣವಾಗುತ್ತದೆ. ಗೂಡು ಒಂದು ಅಡಿಯಷ್ಟೇ ಎತ್ತರವಿದ್ದರೆ ಹಕ್ಕಿಗೆ ವೇಗ ಕೂಡುವ ಮೊದಲೇ ಚಾವಣಿ ತಾಗುವುದರಿಂದ ಪೆಟ್ಟು ಹಗುರ. ಆರು ಅಡಿಗಿಂತ ಎತ್ತರವಿದ್ದರೆ ಮೇಲೆದ್ದ ಹಕ್ಕಿ ತಿರುಗಿ ಇಳಿಯಲು ಅವಕಾಶವಿರುತ್ತದೆ. ನಡುವಿನ ಎರಡು-ಮೂರು ಅಡಿ ಎತ್ತರವೇ ಅತ್ಯಂತ ಅಪಾಯಕಾರಿ, ಆದರೆ ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ ಮೊಲದ ಹಾಗೂ ಕೋಳಿಯ ಗೂಡುಗಳು ಹೆಚ್ಚಾಗಿ ಅದೇ ಅಳತೆಯಲ್ಲಿರುತ್ತವೆ. ಅಂಥದ್ದೇ ಇದ್ದರೆ ಚಾವಣಿಯ ಕೆಳಗೆ ಹಸಿರು ನೆರಳುಬಲೆಯನ್ನೋ ಹಳೆಯ ಸೀರೆಯನ್ನೋ ಸಡಿಲವಾಗಿ ಬಿಗಿದು ಮೆತ್ತನೆಯ ಒಳಚಾವಣಿ ಮಾಡಿಕೊಳ್ಳಬಹುದು.

ಹಕ್ಕಿ ಚಿಮ್ಮುವ ಪ್ರಸಂಗವೇ ಕಡಿಮೆಯಾಗುವಂತೆ ನೋಡಿಕೊಳ್ಳುವುದು ಇದಕ್ಕಿಂತಲೂ ಒಳ್ಳೆಯದು. ಅಡಗಲು ಜಾಗವಿದ್ದ ಹಕ್ಕಿ ಹಾರುವುದಕ್ಕಿಂತ ಅಡಗುವುದನ್ನೇ ಆರಿಸಿಕೊಳ್ಳುತ್ತದೆ. ಮೂಲೆಯಲ್ಲಿ ಒರಗಿಸಿಟ್ಟ ಕಣಿಕೆಯ ಸಣ್ಣ ಕಟ್ಟು, ಬಾಯಿ ಒಡೆದು ಬೋರಲು ಹಾಕಿದ ಗಡಿಗೆ, ಇಷ್ಟು ಸಾಕು. ಈಗ ಮದುವೆಯ ಹಂಗಾಮು. ರಾತ್ರಿ ಹತ್ತರ ಮೇಲೂ ಓಣಿಯಲ್ಲಿ ಪಟಾಕಿ ಸಿಡಿಯುತ್ತದೆ. ಕತ್ತಲೆಯಲ್ಲಿ ಬೆದರಿದ ಒಂದು ಹಕ್ಕಿ ಉಳಿದೆಲ್ಲವನ್ನೂ ಬೆದರಿಸುತ್ತದೆ, ಅದಕ್ಕಾಗಿ ಮಂದ ಬೆಳಕಿನ ಸಣ್ಣ ಸೌರದೀಪವೊಂದನ್ನು ಗೂಡಿನ ಹೊರಗೆ ನೇತುಹಾಕಿದ್ದೇವೆ. ದಿನವೂ ಮೇವು ಹಾಕುವವರು ಒಬ್ಬರೇ ಆಗಿದ್ದರೆ, ಬಾಗಿಲು ತೆರೆಯುವ ಮುನ್ನ ಮೆಲ್ಲಗೆ ಮಾತನಾಡಿಸಿದರೆ ಹಕ್ಕಿಗಳು ಬೇಗ ಹೊಂದಿಕೊಳ್ಳುತ್ತವೆ. ನಮ್ಮ ಅವ್ವ ಹೋದರೆ ಅವು ಕಾಲ ಬಳಿಗೇ ಬರುತ್ತವೆ, ನಾನು ಹೋದರೆ ಇನ್ನೂ ಗಡಿಗೆಯ ಹಿಂದೆ ಸರಿಯುತ್ತವೆ.

ಜಾಗದ ವಿಷಯದಲ್ಲಿ ವ್ಯಾಪಾರಿ ಫಾರ್ಮುಗಳ ಲೆಕ್ಕವನ್ನು ಮನೆಯಲ್ಲಿ ಅನುಸರಿಸಬೇಕಾಗಿಲ್ಲ. ಅಲ್ಲಿ ಒಂದು ಹಕ್ಕಿಗೆ 150ರಿಂದ 200 ಚದರ ಸೆಂಟಿಮೀಟರ್ ಕೊಡುತ್ತಾರೆ. ಅದು ನೋಟ್‌ಬುಕ್ಕಿನ ಹಾಳೆಯ ಅರ್ಧದಷ್ಟು. ಮೊಟ್ಟೆಯ ಲೆಕ್ಕಕ್ಕೆ ಅಷ್ಟು ಸಾಲಬಹುದು, ಹಕ್ಕಿಯ ಸುಖಕ್ಕೆ ಸಾಲದು. ನಾವು ಹಕ್ಕಿಗೊಂದು ಚದರ ಅಡಿ ಇಟ್ಟುಕೊಂಡಿದ್ದೇವೆ. ತಳವೆಲ್ಲ ತಂತಿಯಾದರೆ ಅಂಗಾಲು ಹುಣ್ಣಾಗುತ್ತದೆ. ಆದ್ದರಿಂದ ಅರ್ಧ ಜಾಳಿಗೆ, ಅರ್ಧ ಹಲಗೆ. ಹಲಗೆಯ ಮೇಲೆ ಒಂದು ಬುಟ್ಟಿಯಲ್ಲಿ ಒಣ ಉಸುಕಿಗೆ ಸ್ವಲ್ಪ ಜರಡಿ ಹಿಡಿದ ಒಲೆಬೂದಿ ಬೆರೆಸಿ ಇಟ್ಟರೆ ಅದರಲ್ಲಿ ಹೊರಳಾಡಿ ಹೇನನ್ನೂ ಜಿಡ್ಡನ್ನೂ ತಾವೇ ಕಳೆದುಕೊಳ್ಳುತ್ತವೆ.

ಇನ್ನು ಭದ್ರತೆ. ನಮ್ಮದು ಎರೆಭೂಮಿ. ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರುಕು ಬಿಡುತ್ತದೆ, ಮಳೆ ಬಿದ್ದೊಡನೆ ಉಬ್ಬುತ್ತದೆ. ನೆಲಕ್ಕೆ ಹೂತ ಕಂಬ ಎರಡು ಮಳೆಗಾಲದಲ್ಲಿ ವಾಲುತ್ತದೆ, ಬಾಗಿಲಿನ ಚೌಕಟ್ಟು ಸೊಟ್ಟಗಾಗಿ ಸಂದು ಬಿಡುತ್ತದೆ. ಆ ಸಂದಿನಲ್ಲಿ ಇಲಿ ನುಗ್ಗುತ್ತದೆ, ಇಲಿಯ ಹಿಂದೆ ಹಾವು. ಆದ್ದರಿಂದ ಕಂಬ ಹೂಳದೆ, ಗರಸು ಬಡಿದು ಅದರ ಮೇಲೆ ಫರಸಿ (ಕಲ್ಲುಚಪ್ಪಡಿ) ಹಾಸಿ, ಕಬ್ಬಿಣದ ಕಾಲುಗಳ ಮೇಲೆ ಗೂಡನ್ನು ನಿಲ್ಲಿಸುವುದೇ ಈ ಸೀಮೆಗೆ ಸರಿ. ಪ್ರತಿ ಕಾಲಿನ ಕೆಳಗೆ ನೀರು ತುಂಬಿದ ಬಟ್ಟಲಿಟ್ಟರೆ ಇರುವೆಯ ಕಾಟವೂ ನಿಲ್ಲುತ್ತದೆ. ಮರಿಗಳಿರುವಾಗ ಇದನ್ನು ಮರೆಯಬಾರದು.

ಆರು ಮೂಲೆಯ ಕಣ್ಣಿನ ತೆಳ್ಳನೆಯ ಕೋಳಿಜಾಳಿಗೆ ಹಕ್ಕಿಯನ್ನು ಒಳಗಿಡಬಲ್ಲದೇ ಹೊರತು ವೈರಿಯನ್ನು ಹೊರಗಿಡಲಾರದು. ಬೆಸುಗೆ ಹಾಕಿದ ಅರ್ಧ ಇಂಚಿನ ಜಾಳಿಗೆಯೇ ಬೇಕು. ಬೆಕ್ಕು ಜಾಳಿಗೆ ಮುರಿಯುವುದಿಲ್ಲ, ಹೊರಗಿನಿಂದ ಬೆದರಿಸಿ, ಜಾಳಿಗೆಗೆ ಒತ್ತಿ ನಿಂತ ಹಕ್ಕಿಯ ಕಾಲನ್ನೋ ತಲೆಯನ್ನೋ ಉಗುರಿನಿಂದ ಎಳೆಯುತ್ತದೆ. ಅದಕ್ಕೆ ತಳದಿಂದ ಗೇಣೆತ್ತರ ಹಲಗೆ ಬಡಿಯಬೇಕು, ತಳದ ಜಾಳಿಗೆಯ ಕೆಳಗೆ ಹಿಕ್ಕೆ ಬೀಳುವ ತಗಡಿನ ತಟ್ಟೆ ಇರಬೇಕು. ಮುಂಗಲಿ (ಮುಂಗುಸಿ) ಬಲು ಬುದ್ಧಿವಂತ ಪ್ರಾಣಿ, ಸಡಿಲ ಚಿಲಕವನ್ನು ಬಿಡುವುದಿಲ್ಲ. ಮೇಲೊಂದು ಕೆಳಗೊಂದು ಚಿಲಕ ಹಾಕಿ ಕೊಂಡಿ ಸಿಕ್ಕಿಸುವುದೇ ದಾರಿ.

ನೆರವಿಗೆಂದು ನಮ್ಮ ಜಿಲ್ಲೆಯ ಇಂಡಿ ಪಟ್ಟಣದಿಂದ ಬಂದಿದ್ದ ಚಿಕ್ಕಮ್ಮನ ಮಗ ಫರಸಿ ಹೊಂದಿಸುತ್ತ ಕೇಳಿದ: “ಅಣ್ಣಾ, ನಮ್ಮ ಕೋಳಿ ಗೂಡಿನ್ಯಾಗ ಒಂದು ಮೂಲಿ ಖಾಲಿ ಐತಿ. ಅಲ್ಲೇ ಬಿಟ್ಟರ ನಡೀತೈತಿಲ್ಲೋ?” ನಡೆಯುವುದಿಲ್ಲವೆಂದು ಹೇಳಿದೆ. ಜವಾರಿ ಕೋಳಿ ಕೌಜುಗವನ್ನು ಕುಕ್ಕಿ ಕೊಲ್ಲಬಲ್ಲದು. ಅದಕ್ಕಿಂತ ಹೆಚ್ಚಾಗಿ, ಕೋಳಿ ತಾನು ಆರೋಗ್ಯದಿಂದಿರುವಂತೆ ಕಂಡರೂ ಹೊತ್ತು ತಿರುಗುವ ರೋಗಗಳು ಕೌಜುಗಕ್ಕೆ ತಗಲುತ್ತವೆ. ಕರುಳಿನಲ್ಲಿ ಹುಣ್ಣು ಮಾಡುವ ಒಂದು ರೋಗವಂತೂ ಈ ಹಕ್ಕಿಯ ಹೆಸರಿನಿಂದಲೇ ಪ್ರಸಿದ್ಧವಾಗಿದ್ದು, ಹಿಕ್ಕೆಯ ಮೂಲಕ ಹರಡಿ ಕೆಲವೇ ದಿನಗಳಲ್ಲಿ ಗೂಡನ್ನು ಬರಿದುಮಾಡುತ್ತದೆ. ಎರಡೂ ಬಗೆಯ ಹಕ್ಕಿಗಳಿರುವ ಮನೆಯಲ್ಲಿ ಮೊದಲು ಕೌಜುಗಕ್ಕೆ ಮೇವು ಹಾಕಿ, ಬಳಿಕ ಕೋಳಿಯ ಕಡೆ ಹೋಗಬೇಕು. ಚಪ್ಪಲಿ, ತಟ್ಟೆ, ಕಸಬರಿಗೆ ಬೇರೆಬೇರೆ ಇರಬೇಕು. ಹೊಸದಾಗಿ ತಂದ ಹಕ್ಕಿಗಳನ್ನು ಮೂರು-ನಾಲ್ಕು ವಾರ ದೂರವಿಡಬೇಕು. ಒಮ್ಮೆಲೇ ಹಲವು ಸತ್ತರೆ ಹೂತು ಸುಮ್ಮನಾಗದೆ ಪಶು ಆಸ್ಪತ್ರೆಗೆ ತಿಳಿಸುವುದು ಮನೆಯವರ ಹಿತಕ್ಕೂ ಅಗತ್ಯ.

ಹೊಲದ ಬದುವಿನಲ್ಲಿ ಹಿಡಿದ ಲಾವಕ್ಕಿಗಳನ್ನು (ಕಾಡು ಕೌಜುಗಗಳನ್ನು) ಸಾಕಬಹುದೇ ಎಂಬುದು ಅವನ ಇನ್ನೊಂದು ಪ್ರಶ್ನೆ. ನಮ್ಮ ಕಾಡುಹಕ್ಕಿಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ. ಹಿಡಿಯುವುದೂ ಮಾರುವುದೂ ಅಪರಾಧ. ಸಾಕುವುದು ಜಪಾನಿ ಕೌಜುಗ. ಇದನ್ನು 1974ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಿಂದ ನಮ್ಮ ದೇಶಕ್ಕೆ ತರಲಾಯಿತು, ಉತ್ತರ ಪ್ರದೇಶದ ಇಜ್ಜತ್‌ನಗರದ ಕೇಂದ್ರೀಯ ಪಕ್ಷಿ ಸಂಶೋಧನಾ ಸಂಸ್ಥೆ ಅದರ ತಳಿಗಳನ್ನು ಬೆಳೆಸಿತು. ಇದು ತಲೆಮಾರುಗಳಿಂದ ಮನುಷ್ಯನ ಆಸರೆಯಲ್ಲೇ ಬೆಳೆದ ಹಕ್ಕಿ. ಬಿಟ್ಟರೆ ಕೋಳಿಯಂತೆ ಸಂಜೆಗೆ ಗೂಡಿಗೆ ಮರಳುವುದಿಲ್ಲ, ಹೊರಗೆ ಬದುಕುವುದೂ ಇಲ್ಲ.

ಮೇವಿನ ವಿಷಯದಲ್ಲಿ ನಮ್ಮ ಕಡೆಯವರಿಗೆ ಜೋಳದ ಮೇಲೆ ಅತಿ ನಂಬಿಕೆ. ಜೋಳದಲ್ಲಿ ಪ್ರೋಟೀನು ನೂರಕ್ಕೆ ಹತ್ತರಷ್ಟು ಮಾತ್ರ. ಮೊಟ್ಟೆಯಿಡುವ ಕೌಜುಗಕ್ಕೆ ಹದಿನೆಂಟರಿಂದ ಇಪ್ಪತ್ತು ಬೇಕು, ಮರಿಗೆ ಇಪ್ಪತ್ನಾಲ್ಕಕ್ಕಿಂತ ಕಡಿಮೆಯಾಗಬಾರದು. ಆ ಕೊರತೆಯನ್ನು ಶೇಂಗಾ ಹಿಂಡಿಯಿಂದ ತುಂಬೋಣವೆಂದರೆ ಅದಕ್ಕೆ ಬೂಸಣದ ಭಯವಿದೆ. ಹಿಂಡಿಯಲ್ಲಿ ಬೆಳೆಯುವ ಬೂಸಣದ ವಿಷ ಹಕ್ಕಿಯ ಯಕೃತ್ತನ್ನು ಕೆಡಿಸುತ್ತದೆ, ಕಣ್ಣಿಗೆ ಕಾಣದಿದ್ದರೂ ಇರಬಹುದು. ಸಿದ್ಧ ಮೇವನ್ನು ಕೊಂಡು ತರುವುದೇ ನಿಶ್ಚಿಂತೆ ಎಂಬುದು ನನ್ನ ಅಭಿಪ್ರಾಯ. ಮೊಟ್ಟೆಯಿಡುವ ಹೆಣ್ಣುಗಳಿಗೆ ಚಿಪ್ಪಿನ ಪುಡಿಯನ್ನು ಬೇರೆ ಬಟ್ಟಲಿನಲ್ಲಿಟ್ಟರೆ ಬೇಕಾದಷ್ಟನ್ನು ಅವೇ ತಿನ್ನುತ್ತವೆ. ದಿನಕ್ಕೆ ಹದಿನಾಲ್ಕರಿಂದ ಹದಿನಾರು ಗಂಟೆ ಬೆಳಕಿದ್ದರೆ ವರ್ಷವಿಡೀ ಮೊಟ್ಟೆ ಸಿಗುತ್ತದೆಂದು ಚಳಿಗಾಲದಲ್ಲಿ ದೀಪ ಹಚ್ಚುವವರಿದ್ದಾರೆ. ನಾವು ಹಚ್ಚುವುದಿಲ್ಲ. ಮನೆಗೆ ಸಾಕಾಗುವಷ್ಟು ಸಿಕ್ಕರೆ ಸಾಕು, ಹಗಲು ಸಣ್ಣದಾದಾಗ ಹಕ್ಕಿಗೂ ಬಿಡುವು ಸಿಗಲಿ.

ಗಂಡು-ಹೆಣ್ಣಿನ ಗುರುತು ಮೂರು ವಾರಕ್ಕೇ ಸಿಗುತ್ತದೆ. ಗಂಡಿನ ಎದೆ ಒಂದೇ ಬಣ್ಣದ ಕೆಂಗಂದು, ಹೆಣ್ಣಿನ ಎದೆಯ ಮೇಲೆ ಕಪ್ಪು ಚುಕ್ಕೆಗಳು. ಒಂದು ಗಂಡಿಗೆ ಮೂರು-ನಾಲ್ಕು ಹೆಣ್ಣುಗಳಿರಬೇಕು; ಗಂಡು ಹೆಚ್ಚಾದರೆ ಹೆಣ್ಣುಗಳ ತಲೆಯ ಪುಕ್ಕ ಕಿತ್ತು ರಕ್ತ ಬರುವಂತೆ ಕುಕ್ಕುತ್ತವೆ. ಮೈಮೇಲೆ ರಕ್ತ ಕಂಡುಬಂದ ಹಕ್ಕಿಯನ್ನು ಆ ಕ್ಷಣವೇ ಬೇರೆಯಿಡಬೇಕು, ಇಲ್ಲವಾದರೆ ಉಳಿದವೂ ಅದನ್ನೇ ಕುಕ್ಕುತ್ತವೆ.

ಸಾಕಿದ ಕೌಜುಗ ಸಾಮಾನ್ಯವಾಗಿ ಕಾವು ಕೂರುವುದಿಲ್ಲ. ಯಂತ್ರದಲ್ಲಿಟ್ಟರೆ ಹದಿನೇಳು-ಹದಿನೆಂಟು ದಿನಕ್ಕೆ ಮರಿ. ಹುಟ್ಟಿದಾಗ ಏಳೆಂಟು ಗ್ರಾಮಿನ ಆ ಜೀವಕ್ಕೆ ಮೊದಲ ವಾರ 35ರಿಂದ 37 ಡಿಗ್ರಿ ಬಿಸಿ ಬೇಕು, ಆಮೇಲೆ ವಾರಕ್ಕೆ ಮೂರು ಡಿಗ್ರಿಯಷ್ಟು ಇಳಿಸುತ್ತ ಹೋಗಬೇಕು. ಬಲ್ಬಿನ ಕೆಳಗೆ ಗುಂಪುಗೂಡಿದರೆ ಚಳಿ, ಗೋಡೆಗೆ ಸರಿದು ಬಾಯಿ ಬಿಟ್ಟರೆ ಸೆಕೆ. ಥರ್ಮಾಮೀಟರಿಗಿಂತ ಮರಿಗಳನ್ನು ನೋಡುವುದೇ ಮೇಲು. ನೀರಿನ ತಟ್ಟೆಯಲ್ಲಿ ಬೆಣಚುಕಲ್ಲು ತುಂಬಬೇಕು, ಇಲ್ಲದಿದ್ದರೆ ಬೆರಳು ಮುಳುಗದ ನೀರಿನಲ್ಲೂ ಮುಳುಗಿ ಸಾಯುತ್ತವೆ. ನುಣುಪಾದ ಕಾಗದ ಹಾಸಿದರೆ ಕಾಲು ಜಾರಿ ಸೊಟ್ಟಗಾಗುತ್ತವೆ. ಒರಟು ಬಟ್ಟೆಯೇ ಒಳ್ಳೆಯದು.

ಇಷ್ಟೆಲ್ಲ ಕೇಳಿ ಅವನು ನಾಳೆಯೇ ಹಕ್ಕಿ ತರಲು ಸಿದ್ಧನಾದ. ಗೂಡನ್ನು ಈಗಲೇ ಕಟ್ಟು, ಹಕ್ಕಿಯನ್ನು ಮಿರಗ (ಮೃಗಶಿರಾ ಮಳೆ) ಕೂಡಿದ ಮೇಲೆ ತಾ ಎಂದೆ. ಈ ಬಿಸಿಲಿನಲ್ಲಿ ಬಸ್ಸಿನಲ್ಲಿ ತಂದ ಹಕ್ಕಿ ಊರು ಮುಟ್ಟುವುದೇ ಅನುಮಾನ. ಮಳೆ ಬಿದ್ದ ಮೇಲೂ ನಸುಕಿನಲ್ಲೇ ಹೊರಡಬೇಕು, ಗೇಣಿಗಿಂತ ಎತ್ತರವಿಲ್ಲದ ಪೆಟ್ಟಿಗೆಗೆ ನಾಲ್ಕೂ ಕಡೆ ತೂತು ಕೊರೆದಿರಬೇಕು, ತಳಕ್ಕೆ ಗೋಣಿ ಹಾಸಿರಬೇಕು. ಮನೆ ಮುಟ್ಟಿದೊಡನೆ ಮೊದಲು ನೀರು, ಒಂದು ತಾಸಿನ ಬಳಿಕ ಮೇವು. ಅಳತೆಗಳನ್ನು ಬರೆದುಕೊಟ್ಟಿದ್ದೇನೆ, ಅರ್ಧ ಇಂಚಿನ ಜಾಳಿಗೆ ಇಂಡಿಯಲ್ಲಿ ಸಿಗದಿದ್ದರೆ ಇಲ್ಲಿಂದಲೇ ಕಳುಹಿಸಬೇಕು.