ಮದುಮಗ ಇನ್ನೂ ಬಂದಿಲ್ಲ

2005ರ 'ಕಿಂಗ್ ಕಾಂಗ್' ಸಿನಿಮಾ 187 ನಿಮಿಷ ಇದೆ. ಕಾಂಗ್ ಅನ್ನುವ ಆ ದೈತ್ಯ ಗೊರಿಲ್ಲಾ ತೆರೆ ಮೇಲೆ ಬರುವಷ್ಟರಲ್ಲಿ ಹತ್ತಿರ ಹತ್ತಿರ ಒಂದು ಗಂಟೆ ಹತ್ತು ನಿಮಿಷ ಆಗಿರುತ್ತದೆ. 1933ರ ಮೂಲ ಸಿನಿಮಾ ಪೂರ್ತಿ ಮುಗಿಯುವುದೇ 100 ನಿಮಿಷಕ್ಕೆ. ಈ ಲೆಕ್ಕಗಳೆಲ್ಲ ನನಗೆ ಬಾಯಿಪಾಠ ಆಗಿರುವುದು ಒಂದು ಶನಿವಾರದಿಂದ.

ಆಗ ನಾನು ಅಮೆರಿಕದ ಮಿನ್ನೆಸೋಟದಲ್ಲಿದ್ದೆ. ಮಿನಿಯಾಪೊಲಿಸ್ ಪಕ್ಕದ ಈಡನ್ ಪ್ರೇರಿ ಅನ್ನುವ ಊರು. ಜನವರಿ ತಿಂಗಳು, ಹೊರಗೆ ಮೂಗು ತೋರಿಸಿದರೆ ಮೂಗೇ ಉದುರಿ ಹೋಗುತ್ತದೇನೋ ಅನ್ನುವ ಚಳಿ. ರೂಮ್‌ಮೇಟ್ ಹಾಸನದ ಕಡೆಯವನು. ವಾರಾಂತ್ಯ ಬಂತು ಅಂದರೆ ಇಬ್ಬರೂ ಮನೆಯಲ್ಲೇ ಬಂದಿ.

ನಮಗೆ ಈ ಹುಚ್ಚು ಹಿಡಿಸಿದ್ದು ಆಫೀಸಿನ ಒಬ್ಬ ಗೆಳೆಯ, ಅಲ್ಲೇ ಹುಟ್ಟಿ ಬೆಳೆದವನು. 'ಮಿಸ್ಟರಿ ಸೈನ್ಸ್ ಥಿಯೇಟರ್ 3000' ಅಂತ ಒಂದು ಟಿವಿ ಕಾರ್ಯಕ್ರಮ. 1988ರ ನವೆಂಬರ್ 24ರಂದು ಮಿನಿಯಾಪೊಲಿಸ್‌ನ ಕೆಟಿಎಂಎ ಎಂಬ ಸಣ್ಣ ಚಾನೆಲ್‌ನಲ್ಲಿ ಶುರುವಾಗಿದ್ದು. ಶುರು ಮಾಡಿದವರು ಜೋಯಲ್ ಹಾಡ್ಜ್‌ಸನ್. ತೆರೆಯ ಕೆಳಗಡೆ ಒಬ್ಬ ಮನುಷ್ಯ ಮತ್ತು ಎರಡು ರೋಬೋಗಳ ನೆರಳು ಕಾಣುತ್ತದೆ. ಮೂವರೂ ಕೂತು ಯಾವುದೋ ಕೆಟ್ಟ ಸಿನಿಮಾ ನೋಡುತ್ತಾ, ಅದರ ಮೇಲೆ ತಮಾಷೆಯ ಮಾತು ಸೇರಿಸುತ್ತಾ ಹೋಗುತ್ತಾರೆ, ಅಷ್ಟೇ. ಜಪಾನಿನ ಗಮೆರಾ ಅನ್ನುವ ಹಾರುವ ದೈತ್ಯ ಆಮೆಯ ಐದು ಸಿನಿಮಾಗಳನ್ನು ಒಂದೇ ಸೀಸನ್‌ನಲ್ಲಿ ಹೀಗೆ ಆಡಿಕೊಂಡಿದ್ದಾರೆ. ಶುರುವಿನ ವರ್ಷಗಳಲ್ಲಿ ಕೊನೆಯಲ್ಲಿ ಹೆಸರುಗಳು ಬರುವಾಗ, ಟೇಪುಗಳನ್ನು ಕೈಯಿಂದ ಕೈಗೆ ದಾಟಿಸ್ತಾ ಇರಿ ಅಂತ ಒಂದು ಸಾಲೂ ಬರುತ್ತಿತ್ತು. ಗೆಳೆಯನ ಮನೆಯಲ್ಲಿ ಹಾಗೆ ದಾಟಿ ಬಂದ ವಿಎಚ್‌ಎಸ್ ಟೇಪುಗಳು ಒಂದು ಪೆಟ್ಟಿಗೆ ತುಂಬ ಇದ್ದವು. ಆ ಕಾರ್ಯಕ್ರಮದ ಸ್ಟುಡಿಯೋ ವರ್ಷಗಟ್ಟಲೆ ಇದ್ದದ್ದು ಈಡನ್ ಪ್ರೇರಿಯಲ್ಲೇ ಅಂತ ಅವನು ಹೇಳಿದಾಗ ನಮ್ಮಿಬ್ಬರಿಗೂ ಏನೋ ಸಂಬಂಧ ಸಿಕ್ಕಿದ ಹಾಗಾಯಿತು.

2006ರಲ್ಲಿ ಅದೇ ತಂಡದ ಮೈಕ್ ನೆಲ್ಸನ್ 'ರಿಫ್‌ಟ್ರ್ಯಾಕ್ಸ್' ಶುರು ಮಾಡಿದರು. ದೊಡ್ಡ ಸಿನಿಮಾಗಳ ಹಕ್ಕು ಕೊಳ್ಳುವುದು ಆಗದ ಮಾತು. ಅದಕ್ಕೆ ಬರೀ ಮಾತಿನ ಆಡಿಯೋ ಮಾರಿದರು. ಡಿವಿಡಿ ನಿಮ್ಮದು, ಮಾತು ನಮ್ಮದು, ಎರಡನ್ನೂ ಒಟ್ಟಿಗೆ ಹಚ್ಚಿಕೊಳ್ಳಿ ಅಂತ. ಆಮೇಲೆ ನಮ್ಮಂಥ ಹವ್ಯಾಸಿಗಳು ಮಾಡಿದ ಟ್ರ್ಯಾಕ್‌ಗಳಿಗೂ 'ಐರಿಫ್ಸ್' ಹೆಸರಿನಲ್ಲಿ ಜಾಗ ಕೊಟ್ಟರು. ಅಂಥವನ್ನು ನಾವು ರಾಶಿ ಕೇಳಿದೆವು. ಕೆಲವು ತುಂಬಾ ಚೆನ್ನಾಗಿದ್ದವು. ಜಾಸ್ತಿ ಚೆನ್ನಾಗಿಲ್ಲದವೂ ಇದ್ದವು, ನಾಲ್ಕು ಜನ ಒಬ್ಬರ ಮೇಲೊಬ್ಬರು ಮಾತಾಡಿ ಸಿನಿಮಾನೂ ಕೇಳಿಸದು, ಜೋಕೂ ಕೇಳಿಸದು. ಆದರೆ ಎಲ್ಲವೂ ಇಂಗ್ಲಿಷ್. ಕನ್ನಡದಲ್ಲಿ ಒಂದು ಮಾಡೋಣ ಅಂತ ರೂಮ್‌ಮೇಟ್ ಅಂದ. ಕೇಳುವವರು ಯಾರು ಅಂದೆ. ಲಂಡನ್‌ನಲ್ಲಿರುವ ನಿಮ್ಮ ಅಕ್ಕ ಅಂದ. ಅಕ್ಕ ಒಬ್ಬಳು ಸಾಕು ಅನಿಸಿತು.

ಕಿಂಗ್ ಕಾಂಗ್ ಆರಿಸಿದ್ದಕ್ಕೆ ಕಾರಣ ಅದರ ಉದ್ದ. ಒಂದು ವಾರದಲ್ಲಿ ಮೂರು ಸಲ ನೋಡಿದೆವು. ನೋಟ್‌ಬುಕ್ಕಿನಲ್ಲಿ ನಿಮಿಷ, ಸೆಕೆಂಡ್ ಬರೆದುಕೊಂಡೆವು. ಎಲ್ಲಿ ಪಾತ್ರಗಳು ಮಾತಾಡುತ್ತವೆ, ಎಲ್ಲಿ ಬಿಡುವಿದೆ, ಆ ಬಿಡುವು ಎಷ್ಟು ಸೆಕೆಂಡ್. ಸುಮ್ನೆ ಸೋಫಾ ಮೇಲೆ ಕೂತು ಬಾಯಿಗೆ ಬಂದದ್ದು ಹೇಳುವ ಕೆಲಸ ಅಲ್ಲ ಇದು. ಸಿನಿಮಾ ಉಸಿರು ತೆಗೆದುಕೊಳ್ಳುವ ಮೂರು ಸೆಕೆಂಡ್‌ನಲ್ಲಿ ನಿಮ್ಮ ಮಾತು ಹೋಗಿ ಬರಬೇಕು. ನಾಲ್ಕನೇ ಸೆಕೆಂಡ್‌ಗೆ ದಾಟಿದರೆ ಮುಂದಿನ ಡೈಲಾಗ್ ಹಾಳು. ಕಾಂಗ್ ಇರುವ ದ್ವೀಪಕ್ಕೆ ಹೋಗುವ ಹಡಗಿನ ಭಾಗ ಎಳೆದಾಟ ಅಂತ ಎಲ್ಲರೂ ಬೈಯುತ್ತಾರೆ, ನಾವೂ ಬೈದಿದ್ದೆವು, ಆದರೆ ಆ ಭಾಗಕ್ಕೆ ಜೋಕು ಕೂರಿಸುವುದೇ ಕಷ್ಟ, ಯಾಕೆಂದರೆ ಅಲ್ಲಿ ಎಲ್ಲರೂ ಮಾತಾಡುತ್ತಲೇ ಇರುತ್ತಾರೆ. ಜಿಮ್ಮಿ ಅನ್ನುವ ಹುಡುಗ ಒಂದು ಕಾದಂಬರಿ ಓದುತ್ತಾನೆ, ಹಡಗಿನ ಹೇಸ್ ಅನ್ನುವವನು ಅದರ ಅರ್ಥ ಹೇಳುತ್ತಾನೆ. ಅಷ್ಟು ಹೊತ್ತು ಬೆಳೆಸಿದ ಆ ಹುಡುಗ ನ್ಯೂಯಾರ್ಕ್ ಬಂದ ಮೇಲೆ ಕಾಣುವುದೇ ಇಲ್ಲ.

ಹಾಗಾಗಿ ಆ ಒಂದು ಗಂಟೆಗೆ ಒಂದೇ ಜೋಕನ್ನು ಇಟ್ಟುಕೊಂಡೆವು. ದ್ವೀಪದವರು ನಾಯಕಿ ಆ್ಯನ್‌ಳನ್ನು ಅಲಂಕಾರ ಮಾಡಿ ಕಾಂಗ್‌ಗೆ ಒಪ್ಪಿಸುತ್ತಾರಲ್ಲ, ಅದು ಮದುವೆಯೇ ತಾನೆ? ಅಂದರೆ ಇಡೀ ಸಿನಿಮಾ ಮದುವೆ ಮನೆ. ಸಿನಿಮಾ ಶುರುವಾದ ಹತ್ತನೇ ನಿಮಿಷಕ್ಕೆ ರೂಮ್‌ಮೇಟ್ ಹಳೇ ಛತ್ರದ ಮ್ಯಾನೇಜರ್ ದನಿಯಲ್ಲಿ, 'ಮದುಮಗ ಇನ್ನೂ ಬಂದಿಲ್ಲ, ಎಲ್ಲರೂ ಕಾಫಿ ತಗೊಳ್ಳಿ' ಅಂದ. ಮೂವತ್ತನೇ ನಿಮಿಷಕ್ಕೆ 'ಮುಹೂರ್ತ ಮೀರ್ತಾ ಇದೆ'. ಐವತ್ತಕ್ಕೆ 'ಅಡಿಗೆಯವರು ಕೇಳ್ತಿದಾರೆ, ಎಲೆ ಹಾಕಬಹುದಾ?'. ಕೊನೆಗೆ ಕಾಡು ಸೀಳಿಕೊಂಡು 25 ಅಡಿ ಎತ್ತರದ ಕಾಂಗ್ ಬಂದಾಗ ಇಬ್ಬರೂ ಒಟ್ಟಿಗೆ, 'ಬಂದ್ರು ಬಂದ್ರು, ಓಲಗ ಊದ್ರಪ್ಪಾ!'

ಆ ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ಕೂತೆವು. ಒಂದು ಯುಎಸ್‌ಬಿ ಮೈಕ್, ಅದರ ಮುಂದೆ ಉಸಿರಿನ ಸದ್ದು ತಡೆಯಲು ತೆಳ್ಳಗಿನ ಕಾಟನ್ ಬಟ್ಟೆ, ಲ್ಯಾಪ್‌ಟಾಪಿನಲ್ಲಿ ಆಡಾಸಿಟಿ ಅನ್ನುವ ದನಿ ರೆಕಾರ್ಡ್ ಮಾಡುವ ಸಾಫ್ಟ್‌ವೇರ್. ಸಿನಿಮಾದ ಸದ್ದು ಮೈಕಿಗೆ ಹೋಗದಂತೆ ಇಬ್ಬರಿಗೂ ಹೆಡ್‌ಫೋನ್. ಮಧ್ಯದಲ್ಲಿ ನಿಲ್ಲಿಸಬಾರದು ಅಂತ ಮಾಡಿಕೊಂಡಿದ್ದೆವು. ದ್ವೀಪದ ಭಾಗ ಬಂದ ಮೇಲೆ ಮಜಾ ಶುರು. ಬ್ರಾಂಟೊಸಾರಸ್‌ಗಳ ನೂಕುನುಗ್ಗಲಿಗೆ ಊಟದ ಹಾಲಿನ ಬಾಗಿಲು ತೆಗೆದ ಹಾಗಿದೆ ಅಂದೆವು. ಕಾಂಗ್ ಮೂರು ಡೈನೋಸಾರ್‌ಗಳ ಜೊತೆ ಬಳ್ಳಿಗಳಲ್ಲಿ ಜೋತಾಡುತ್ತಾ ಹೊಡೆದಾಡುವಾಗ, ಆ್ಯನ್ ಒಂದು ಕೈಯಿಂದ ಇನ್ನೊಂದು ಕೈಗೆ, ಕೈಯಿಂದ ಕಾಲಿಗೆ ಹಾರುತ್ತಾಳೆ. ಅದಕ್ಕೆ 'ಮಗೂನ ಸ್ವಲ್ಪ ಹಿಡ್ಕೊಳ್ಳಿ, ನಾನು ಬಡಿಸಿ ಬರ್ತೀನಿ'. ಈ ಸಾಲು ನನಗೆ ಈಗಲೂ ಇಷ್ಟ. ಹುಳಗಳ ಕಂದಕದಲ್ಲಿ ಮಾತ್ರ ಇಬ್ಬರಿಗೂ ಬಾಯಿ ಬರಲಿಲ್ಲ. ಬರೆದಿಟ್ಟುಕೊಂಡ ಮೂರು ಜೋಕನ್ನೂ ಬಿಟ್ಟೆವು. ಮನುಷ್ಯ ಹಾಗೆ ಸಾಯುವುದನ್ನು ನೋಡುತ್ತಾ ಏನು ಹೇಳುವುದು?

ಆಮೇಲೆ ಕಾಂಗ್ ಸಮುದ್ರ ತೀರದಲ್ಲಿ ಬೀಳುತ್ತಾನೆ. ಮುಂದಿನ ದೃಶ್ಯ ನೇರವಾಗಿ ನ್ಯೂಯಾರ್ಕ್ ಥಿಯೇಟರ್. ಮೂರು ಗಂಟೆ ಸಿನಿಮಾದಲ್ಲಿ ಅವನನ್ನು ಆ ಹಡಗಿಗೆ ಹೇಗೆ ಹತ್ತಿಸಿದರು ಅಂತ ತೋರಿಸಲು ಒಂದು ನಿಮಿಷ ಸಿಗಲಿಲ್ಲವಲ್ಲ, ಇದು ನನಗೆ ನಿಜವಾಗಲೂ ಸಿಟ್ಟು ಬರುವ ವಿಷಯ. ಉದ್ದ ಇರುವುದು ತಪ್ಪಲ್ಲ. ಬೇಕಾದ್ದನ್ನು ಬಿಟ್ಟು ಉದ್ದ ಇರುವುದು ತಪ್ಪು.

ಕೊನೆಗೆ ಎಂಪೈರ್ ಸ್ಟೇಟ್ ಕಟ್ಟಡ. ಹತ್ತುವಾಗ ರೂಮ್‌ಮೇಟ್, 'ಲಿಫ್ಟ್ ಕೆಟ್ಟಿದೆ, ಬೀಗರು ಮೆಟ್ಟಿಲಲ್ಲೇ ಬನ್ನಿ' ಅಂದ. ವಿಮಾನಗಳಿಗೂ ಒಂದೆರಡು ಮಾತು ಹೇಳಿದೆವು. ಮೇಲೆ ಕೂತು ಸೂರ್ಯ ಹುಟ್ಟುವುದನ್ನು ನೋಡುತ್ತಾ ಕಾಂಗ್ ಎದೆ ಮುಟ್ಟಿಕೊಳ್ಳುತ್ತಾನೆ, ದ್ವೀಪದಲ್ಲಿ ಆ್ಯನ್ ಇದು ಚೆಂದ ಅಂತ ಹೇಳಿಕೊಟ್ಟಿದ್ದ ಸನ್ನೆ ಅದು. ಅಲ್ಲಿಂದ ಮುಂದಕ್ಕೆ ನನ್ನ ನೋಟ್‌ಬುಕ್ಕಿನಲ್ಲಿ ಐದು ಜೋಕು ಇದ್ದವು. ಓದಲಿಲ್ಲ. ಅವನೂ ಓದಲಿಲ್ಲ. ಮಾತಾಡಿಕೊಂಡು ಬಿಟ್ಟದ್ದಲ್ಲ. ಕಾಂಗ್ ಬಿದ್ದ ಮೇಲೂ ಸ್ವಲ್ಪ ಹೊತ್ತು ಇಬ್ಬರೂ ಹಾಗೇ ಕೂತಿದ್ದೆವು.

ಫೈಲ್ ಅಕ್ಕನಿಗೆ ಕಳಿಸಿದೆವು. ಮರುದಿನ ಫೋನ್ ಬಂತು. 'ಲೋ, ನೀವು ಯಾವ ಸಿನಿಮಾಕ್ಕೆ ಮಾತಾಡ್ತಿದೀರಾ? ಕಾಂಗ್ ಬಂದು ಎಷ್ಟೋ ಹೊತ್ತಾಗಿದೆ, ನೀವು ಇನ್ನೂ ಮದುಮಗ ಬಂದಿಲ್ಲ ಅಂತಿದೀರಾ.' ಮತ್ತೆ ಸ್ವಲ್ಪ ಮೆತ್ತಗೆ, 'ಪಾಪ ಅದು ಸಾಯ್ತಾ ಇದೆ, ಆಗ ಲಿಫ್ಟ್ ಕೆಟ್ಟಿದೆ ಅಂದ್ರಲ್ಲೋ. ನಂಗೆ ಬೇಜಾರಾಯ್ತು' ಅಂದಳು.

ಎಷ್ಟು ನೋವಾಯಿತು ಅಂದರೆ ಆ ರಾತ್ರಿ ನಿದ್ದೆ ಬರಲಿಲ್ಲ. ನಾವು ಬಾಯಿ ಮುಚ್ಚಿಕೊಂಡ ಜಾಗದಲ್ಲಿ ಅವಳಿಗೆ ನಮ್ಮ ಗದ್ದಲ ಕೇಳಿಸಿತ್ತು. ನಮ್ಮ ಮೌನ ಹೋಗಿ ಕೊನೆಯ ಹೆಸರುಗಳ ಮೇಲೆ ಕೂತಿತ್ತು.

ಕಾರಣ ಹುಡುಕಿದ್ದು ಸೋಮವಾರ, ಆ ಆಫೀಸಿನ ಗೆಳೆಯ. ಸಿನಿಮಾ ತೆಗೆಯುವುದು ಸೆಕೆಂಡಿಗೆ 24 ಚಿತ್ರಗಳ ಲೆಕ್ಕದಲ್ಲಿ. ಬ್ರಿಟನ್ನಿನ ಟಿವಿ ಪದ್ಧತಿ ಆಗ ಪಾಲ್ ಅಂತ, ಅದು ಸೆಕೆಂಡಿಗೆ 25. ಅಲ್ಲಿಯ ಡಿವಿಡಿಗೆ ಹಾಕುವಾಗ ಸಿನಿಮಾವನ್ನು ಹಾಗೇ ಸ್ವಲ್ಪ ಜೋರಾಗಿ ಓಡಿಸಿಬಿಡುತ್ತಾರೆ. ಕಣ್ಣಿಗೆ ಗೊತ್ತಾಗುವುದಿಲ್ಲ. ಆದರೆ ಹತ್ತು ನಿಮಿಷಕ್ಕೆ 24 ಸೆಕೆಂಡ್ ವ್ಯತ್ಯಾಸ ಬರುತ್ತದೆ. ನಮ್ಮ 187 ನಿಮಿಷದ ಕಾಂಗ್ ಅಕ್ಕನ ಮನೆಯಲ್ಲಿ ಏಳು ನಿಮಿಷಕ್ಕೂ ಜಾಸ್ತಿ ಬೇಗ ಸಾಯುತ್ತಿದ್ದ. ರಿಫ್‌ಟ್ರ್ಯಾಕ್ಸ್‌ನವರು ನಡುನಡುವೆ ಒಂದು ಯಂತ್ರದ ದನಿಯಲ್ಲಿ ಸಿನಿಮಾದ ಡೈಲಾಗನ್ನೇ ಜೊತೆಗೆ ಹೇಳಿಸುವುದು ಇದಕ್ಕೇ, ಕೇಳುವವರು ಎರಡನ್ನೂ ಹೊಂದಿಸಿಕೊಳ್ಳಲಿ ಅಂತ. ನಾವು ಅದನ್ನು ಅಲಂಕಾರ ಅಂದುಕೊಂಡು ಬಿಟ್ಟಿದ್ದೆವು.

ಆಡಾಸಿಟಿಯಲ್ಲಿ ದನಿ ಬದಲಾಗದ ಹಾಗೆ ವೇಗ ಮಾತ್ರ ಬದಲಿಸಬಹುದು. 25ನ್ನು 24ರಿಂದ ಭಾಗಿಸಿ 4.17 ಶೇಕಡ ಅಂತ ಹಾಕಿದೆ. ಅಕ್ಕನಿಗೆ ಮತ್ತೆ ಕಳಿಸಿದೆ. ಈಗ ಸರಿಯಿದೆ, ಕೊನೇಲಿ ಒಂದು ಚೂರು ಹಿಂದೆ ಅಂದಳು. ಎಷ್ಟು ಅಂದರೆ, ಹತ್ತು ಹನ್ನೊಂದು ಸೆಕೆಂಡ್. ಮತ್ತೆ ಕೂತೆ. ಅಮೆರಿಕದ ಡಿವಿಡಿ ಸರಿಯಾಗಿ 24 ಅಲ್ಲ, 23.976. ಹಾಗಾದರೆ 4.27 ಶೇಕಡ. ಪಾಯಿಂಟ್ ಒಂದರ ವ್ಯತ್ಯಾಸ, ಮೂರು ಗಂಟೆಯ ಕೊನೆಗೆ 11 ಸೆಕೆಂಡ್. ಆ 11 ಸೆಕೆಂಡ್ ಇರಲಿ ಬಿಡು ಅಂತ ರೂಮ್‌ಮೇಟ್ ಅಂದ. ನಾನು ಬಿಡಲಿಲ್ಲ, ಕಾಂಗ್ ಎದೆ ಮುಟ್ಟಿಕೊಳ್ಳುವುದೂ ಅಷ್ಟೇ ಹೊತ್ತಿನ ಕೆಲಸ ಅಲ್ವಾ?

ಮೂರನೇ ಸಲ ಅಕ್ಕ ನೋಡಿದ್ದು ಒಂದು ಭಾನುವಾರ. ರಾತ್ರಿ ಫೋನ್ ಮಾಡಿದಳು. ಛತ್ರದ ಮ್ಯಾನೇಜರ್ ದನಿ ತೆಗೆದು ನಗಾಡಿದಳು. ಆಮೇಲೆ, 'ಕೊನೇಲಿ ಸೂರ್ಯ ಹುಟ್ಟೋವಾಗ ನೀವಿಬ್ರೂ ಮಾತಾಡಿಲ್ಲ. ಯಾರೋ ಲೋಟ ಮೆಲ್ಲಗೆ ಕೆಳಗಿಟ್ಟ ಸದ್ದು ಮಾತ್ರ ಇದೆ' ಅಂದಳು.

ಅದನ್ನ ಎಡಿಟ್ ಮಾಡಿ ತೆಗೀತೀನಿ ಅಂದೆ.

'ಬೇಡ, ಇರಲಿ' ಅಂದಳು.